ಮೊದಲು ಗೋಡೆ, ಆಮೇಲೆ ದೀಪ

ಕಟ್ಟಡದ ಹೊರಮೈಗೆ ಬೆಳಕು ಹಾಕಿಸಲು ಹೊರಟವರ ಕೈಗೆ ಈಗ ಸಿಗುವುದು ಒಂದು ಪಟ್ಟಿ. ಮೀಟರಿಗೆ ಇಷ್ಟು ವ್ಯಾಟ್, ಐಪಿ67, ಒಂದೂವರೆ ಕೋಟಿಗೂ ಮಿಕ್ಕ ಬಣ್ಣಗಳು, 50,000 ಗಂಟೆ ಬಾಳಿಕೆ. ಟೆಂಡರುಗಳು ಇದೇ ಪಟ್ಟಿಯನ್ನು ಹಾಗೇ ಎತ್ತಿ ಬರೆದುಕೊಳ್ಳುತ್ತವೆ. ಹೊರಾಂಗಣದ ಲೀನಿಯರ್ ದೀಪಗಳ ವಿದ್ಯೆ ಎಲ್‌ಇಡಿಯೊಂದಿಗೆ ಹುಟ್ಟಿತು, ಅಂಗಡಿಯಲ್ಲಿ ಒಳ್ಳೆಯ ಮಾಲು ಆರಿಸಿದರೆ ಮುಗಿಯಿತು ಎಂಬ ನಂಬಿಕೆ ಇದರಿಂದ ಗಟ್ಟಿಯಾಗಿದೆ. ಈ ಕೆಲಸದಲ್ಲೇ ಎರಡು ದಶಕ ಕಳೆದ ನನಗೆ ಆ ನಂಬಿಕೆ ಅಪಾಯದ್ದೆಂದು ಕಾಣುತ್ತದೆ. ಈ ಕ್ಷೇತ್ರ ಬೆಳೆದ ಬಗೆಯನ್ನು ನೋಡಿದರೆ, ದೀಪಗಳು ಮತ್ತೆ ಮತ್ತೆ ಬದಲಾಗಿವೆ. ಯಾವ ಗೋಡೆಗೆ, ಎಷ್ಟು ದೂರದಿಂದ, ಯಾವ ಬೆಳಕು ಎಂಬ ಪ್ರಶ್ನೆಯನ್ನು ಮಾತ್ರ ನಾವು ಸರಿಯಾಗಿ ಕೇಳಿಕೊಂಡ ಕಾಲ ಬಹಳ ಕಡಿಮೆ.

ಕಟ್ಟಡವನ್ನು ಬೆಳಕಿನ ಗೆರೆಯಲ್ಲಿ ತೋರಿಸುವ ರೂಢಿ ನಮ್ಮಲ್ಲಿ ವಿದ್ಯುತ್ತಿಗಿಂತ ಹಳೆಯದು. ಕಾರ್ತಿಕದ ದೀಪೋತ್ಸವಗಳಲ್ಲಿ ಗುಡಿಯ ಮೆಟ್ಟಿಲು, ಪ್ರಾಕಾರ, ದೀಪಸ್ತಂಭಗಳ ಮೇಲೆ ಹಣತೆಗಳು ಸಾಲುಗೂಡುತ್ತಿದ್ದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ಮೈಸೂರಿಗೂ ಬಂತು. ಹೆನ್ರಿ ಇರ್ವಿನ್ ವಿನ್ಯಾಸದ ಮೈಸೂರು ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅದರ ಕಮಾನು, ಗೋಪುರ, ಗುಮ್ಮಟಗಳ ಅಂಚಿಗೆ ಸುಮಾರು ಒಂದು ಲಕ್ಷ ಬಲ್ಬುಗಳು ಉರಿಯುವ ನೋಟ ಹಳೆಯ ಸಾಲುದೀಪದ ಪದ್ಧತಿಯದೇ ಭವ್ಯ ಮುಂದುವರಿಕೆ. ಅಲ್ಲಿ ಕಾಣುವುದು ಕಟ್ಟಡದ ಆಕಾರ. ಕಲ್ಲಿನ ಮೈ ಕತ್ತಲಲ್ಲೇ ಉಳಿಯುತ್ತದೆ. ಆ ಅರಮನೆಗೆ ಅದು ಒಪ್ಪುತ್ತದೆ, ಏಕೆಂದರೆ ಅದರ ಅಂಚುಗಳೇ ಅಷ್ಟು ಸಮೃದ್ಧ. ಅದನ್ನು ನೋಡಿ ಚಪ್ಪಟೆ ಅಪಾರ್ಟ್‌ಮೆಂಟಿಗೂ ಅಂಚುಗೆರೆ ಎಳೆಸಿದವರಿಗೆ ಆ ಫಲ ಸಿಕ್ಕಿಲ್ಲ.

1910ರಲ್ಲಿ ಪ್ಯಾರಿಸ್‌ನಲ್ಲಿ ಜಾರ್ಜ್ ಕ್ಲೋಡ್ ನಿಯಾನ್ ಕೊಳವೆಯನ್ನು ಪ್ರದರ್ಶಿಸಿದ ಮೇಲೆ ಬೆಳಕಿಗೆ ಬಿಡಿಯಿಲ್ಲದ ಗೆರೆ ಸಿಕ್ಕಿತು. 1938ರ ಹೊತ್ತಿಗೆ ಟ್ಯೂಬ್‌ಲೈಟ್ ಮಾರುಕಟ್ಟೆಗೆ ಬಂತು. ನಮ್ಮೂರುಗಳಲ್ಲಿ ಇವು ಅಂಗಡಿಯ ಬೋರ್ಡು, ಸಿನಿಮಾ ಮಂದಿರದ ಹಣೆ ದಾಟಲಿಲ್ಲ. ಮದುವೆ ಮನೆಗೂ ಜಾತ್ರೆಗೂ ಸೀರಿಯಲ್ ಸೆಟ್ ಸಾಕಾಯಿತು.

ಆಮೇಲಿನದು ಫ್ಲಡ್‌ಲೈಟ್ ಯುಗ. ಸೋಡಿಯಂ ದೀಪದ ಹಳದಿಯಲ್ಲಿ ಕಲ್ಲು, ಇಟ್ಟಿಗೆ, ಎಲೆ ಎಲ್ಲಕ್ಕೂ ಒಂದೇ ಬಣ್ಣ. ಮೆಟಲ್ ಹಾಲೈಡ್ ಬಣ್ಣ ತೋರಿಸಿತಾದರೂ ವರ್ಷ ಕಳೆದಂತೆ ಒಂದೊಂದು ದೀಪ ಒಂದೊಂದು ಬಿಳಿಗೆ ಹೊರಳುತ್ತಿತ್ತು. ಕರೆಂಟು ಹೋಗಿ ಬಂದರೆ ಪೂರ್ತಿ ಬೆಳಗಲು ಹಲವು ನಿಮಿಷ ಕಾಯಬೇಕಿತ್ತು. ದೂರದ ಕಂಬದಿಂದ ನೇರ ಎದುರಿಗೇ ಸುರಿದ ಬೆಳಕು ಕಟ್ಟಡದ ಉಬ್ಬುತಗ್ಗುಗಳನ್ನೆಲ್ಲ ಅಳಿಸಿ, ಕಿಟಕಿಯೊಳಗಿದ್ದವರ ಕಣ್ಣು ಕುಕ್ಕಿತು. ಹೆಚ್ಚು ಬೆಳಕೆಂದರೆ ಹೆಚ್ಚು ಗೌರವ ಎಂಬ ಭಾವನೆ ನಮ್ಮಲ್ಲಿ ಬೇರೂರಿದ್ದು ಆಗ. ಅದು ಇನ್ನೂ ಹೋಗಿಲ್ಲ.

ಎಲ್‌ಇಡಿಯ ಕಥೆ ಎಲ್ಲರಿಗೂ ಗೊತ್ತಿರುವುದೇ. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಬೆಳಕು ತಂದರು. 1993ರಲ್ಲಿ ಶುಜಿ ನಾಕಮುರ ಪ್ರಖರ ನೀಲಿಯನ್ನು ಸಾಧಿಸಿದರು. ಅಲ್ಲಿಂದ ಬಿಳಿ ಸಾಧ್ಯವಾಯಿತು. 1997ರಲ್ಲಿ ಬಾಸ್ಟನ್‌ನಲ್ಲಿ ಶುರುವಾದ ಕಲರ್ ಕೈನೆಟಿಕ್ಸ್ ಇದನ್ನು ಕಟ್ಟಡಗಳ ಮೈಗೆ ಏರಿಸಿತು, 2007ರಲ್ಲಿ ಫಿಲಿಪ್ಸ್ ಆ ಕಂಪನಿಯನ್ನು ಕೊಂಡಿತು. ನಮ್ಮ ಕೆಲಸಕ್ಕೆ ಮುಖ್ಯವಾದ ಸಂಗತಿ ಬೇರೆ. ಎಲ್‌ಇಡಿ ಒಂದು ಪುಟ್ಟ ಬಿಂದು. ಅಂಥ ಬಿಂದುಗಳನ್ನು ಅಲ್ಯೂಮಿನಿಯಂ ಪ್ರೊಫೈಲಿನಲ್ಲಿ ಸಾಲಾಗಿ ಜೋಡಿಸಿ, ಒಂದೊಂದರ ಮುಂದೂ ಲೆನ್ಸ್ ಕೂರಿಸಬಹುದು. ಟ್ಯೂಬ್‌ಲೈಟು ಎಲ್ಲ ಕಡೆಗೂ ಚೆಲ್ಲುತ್ತಿದ್ದ ಬೆಳಕನ್ನು ಈ ಗೆರೆ ಬೇಕಾದ ಕಡೆಗಷ್ಟೇ ಕಳಿಸಬಲ್ಲದು. ಈ ಕ್ಷೇತ್ರದ ನಿಜವಾದ ಬೆಳವಣಿಗೆ ಲೆನ್ಸಿನಲ್ಲಿ ಆಯಿತು.

ಇದನ್ನು ಕೈಯಾರೆ ಕಲಿತ ಪೀಳಿಗೆ ನಮ್ಮದು. ಬೆಂಗಳೂರಿನಲ್ಲಿ ಕಚೇರಿ ಆವರಣಗಳೂ ಹೋಟೆಲುಗಳೂ ಏಳುತ್ತಿದ್ದ ಹೊತ್ತಿನಲ್ಲಿ ನಮ್ಮಲ್ಲಿ ಕೆಲವರು ಒಂದು ಪಟ್ಟು ಹಿಡಿದೆವು: ಬೆಳಕು ಬಿಳಿಯದೇ ಆಗಿರಲಿ, ಅಲುಗಾಡದಿರಲಿ, ದೀಪ ಕಣ್ಣಿಗೆ ಬೀಳದಿರಲಿ. ಈ ಪಂಥದ ಪಾಠಗಳು ಇಂದಿಗೂ ಸವೆದಿಲ್ಲ.

ಮೊದಲನೆಯದು ದೂರ. ಗೋಡೆಯಿಂದ ಒಂದು ಗೇಣು ಆಚೆ ಕೂತ ಕಿರುಕೋನದ ದೀಪದ ಬೆಳಕು ಗೋಡೆಯನ್ನು ಸವರಿಕೊಂಡು ಮೇಲೇರುತ್ತದೆ. ಒರಟು ಕಲ್ಲಿನ ಒಂದೊಂದು ಉಳಿಪೆಟ್ಟೂ ನೆರಳು ಪಡೆದು ಜೀವಂತವಾಗುತ್ತದೆ. ಇದೇ ಬೆಳಕು ನುಣುಪಾದ ಪ್ಲಾಸ್ಟರ್ ಗೋಡೆಯ ಮೇಲೆ ಬಿದ್ದರೆ ಕರಣೆಯ ಗುರುತು, ಬಣ್ಣದ ತೇಪೆ ಎಲ್ಲ ಬಯಲಾಗುತ್ತವೆ. ಅಲ್ಲಿ ದೀಪವನ್ನು ಎತ್ತರದ ಮೂರನೇ ಅಥವಾ ನಾಲ್ಕನೇ ಒಂದು ಪಾಲಿನಷ್ಟು ಹಿಂದೆ ಸರಿಸಿ, ಅಗಲ ಕೋನದ ವಾಲ್‌ವಾಷರ್ ಹಾಕಬೇಕು. ನಾಲ್ಕು ಮಹಡಿ ಏರಬೇಕಾದ ಬೆಳಕಿಗೆ 10 ಡಿಗ್ರಿಯ ಲೆನ್ಸ್ ಬೇಕು. ಬರೀ ವ್ಯಾಟ್ ಹೆಚ್ಚಿಸಿದರೆ ಬುಡ ಉರಿದು ತುದಿ ಕಪ್ಪಾಗಿಯೇ ಇರುತ್ತದೆ.

ಎರಡನೆಯದು ಕಲ್ಲಿನ ಬಣ್ಣ. ಕರಾವಳಿಯ ಕೆಂಪು ಮುರಕಲ್ಲಿಗೆ, ಇಟ್ಟಿಗೆಗೆ 2700ರಿಂದ 3000 ಕೆಲ್ವಿನ್‌ನ ಬೆಚ್ಚನೆಯ ಬಿಳಿ ಒಪ್ಪುತ್ತದೆ. ಬೂದು ಗ್ರಾನೈಟು 4000 ಕೆಲ್ವಿನನ್ನೂ ತಾಳಿಕೊಳ್ಳುತ್ತದೆ. 6500 ಕೆಲ್ವಿನ್ ನಮ್ಮ ಯಾವ ಕಲ್ಲಿಗೂ ನ್ಯಾಯ ಮಾಡುವುದಿಲ್ಲ. ಒಂದೇ ಗೋಡೆಯ ಮೇಲೆ ಅಕ್ಕಪಕ್ಕದ ಎರಡು ದೀಪಗಳ ಬಿಳಿ ಹೊಂದದಿದ್ದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಡೇವಿಡ್ ಮ್ಯಾಕ್‌ಆಡಮ್ 1942ರಲ್ಲಿ ಕೊಟ್ಟ ಅಳತೆ ಇರುವುದು ಇದನ್ನು ಹಿಡಿಯಲಿಕ್ಕೇ. ಆ ಅಳತೆಯ ಮೂರು ಹೆಜ್ಜೆಯೊಳಗಿನ ವ್ಯತ್ಯಾಸ ಎಂದು ಟೆಂಡರಿನಲ್ಲಿ ಬರೆಸಲೇಬೇಕು.

ಮೂರನೆಯದು ದಿಕ್ಕು. ಬೇಲೂರು, ಹಳೇಬೀಡುಗಳ ಬಳಪದ ಕಲ್ಲಿನ ಹೊರಗೋಡೆಯ ಶಿಲ್ಪಗಳು ಮೇಲಿನಿಂದ ಬೀಳುವ ಬಿಸಿಲಿಗೆ ಮೈಯೊಡ್ಡಿ ನಿಂತವು. ಅಂಥ ಶಿಲ್ಪದ ಬುಡದಲ್ಲೇ ದೀಪದ ಸಾಲು ಹಾಸಿದರೆ ನೆರಳು ತಲೆಕೆಳಗಾಗಿ ಮುಖಭಾವವೇ ಬದಲಾಗುತ್ತದೆ. ಶಿಲ್ಪವಿರುವ ಕಡೆ ದೂರದಿಂದ, ಓರೆಯಾಗಿ, ಮಂದವಾಗಿ ಬೆಳಕು ಬರಬೇಕು.

ತೋಟದಲ್ಲಿ ಈ ಪಂಥ ಇನ್ನೂ ಮಿತಭಾಷಿ. ಮೆಟ್ಟಿಲ ಮೂಗಿನ ಕೆಳಗೆ, ಕಲ್ಲುಬೆಂಚಿನ ಅಡಿಯಲ್ಲಿ, ಕಂಬಿಯ ಒಳಮೈಯಲ್ಲಿ ಗೆರೆಬೆಳಕು ಅಡಗಿದ್ದರೆ ನಡೆಯುವವರಿಗೆ ದಾರಿ ಕಾಣುತ್ತದೆ, ದೀಪ ಕಾಣುವುದಿಲ್ಲ. ಬಳುಕುವ ಅಂಚುಗಳಿಗೆ ನಿಯಾನ್ ಫ್ಲೆಕ್ಸ್ ಎಂಬ ಬಾಗುವ ಎಲ್‌ಇಡಿ ಗೆರೆ ಹಾಕುವುದಾದರೆ ಸಿಲಿಕೋನಿನದೇ ಆಗಬೇಕು. ಪಿವಿಸಿ ನಮ್ಮ ಬಿಸಿಲಿಗೆ ಹಳದಿಯಾಗಿ ಬಿರಿಯುತ್ತದೆ. ನೆಲದಲ್ಲಿ ಹೂತ ದೀಪದ ಅಡಿಗೆ ಜಲ್ಲಿ ತುಂಬಿ ನೀರು ಇಂಗಲು ದಾರಿ ಮಾಡದಿದ್ದರೆ ಯಾವ ಐಪಿ ಅಂಕಿಯೂ ಕಾಯುವುದಿಲ್ಲ.

2015ರ ಉಜಾಲಾ ಯೋಜನೆಯ ಬಳಿಕ ಎಲ್‌ಇಡಿ ಬೆಲೆ ಕುಸಿಯಿತು, ಪ್ರೊಫೈಲ್ ಲೈಟು ಪೇಟೆಯ ಪ್ರತಿ ಎಲೆಕ್ಟ್ರಿಕಲ್ ಅಂಗಡಿಗೂ ಇಳಿಯಿತು. ಬಣ್ಣದ ಅಲೆಯೂ ಇದರೊಂದಿಗೇ ಬಂತು. 2017ರಲ್ಲಿ ದೆಹಲಿಯ ನಾರ್ತ್ ಬ್ಲಾಕ್, ಸೌತ್ ಬ್ಲಾಕ್, 2020ರಲ್ಲಿ ಹೌರಾ ಸೇತುವೆ, 2025ರಲ್ಲಿ ನಮ್ಮ ವಿಧಾನಸೌಧ ಬಣ್ಣದ ಶಾಶ್ವತ ದೀಪಗಳನ್ನು ಪಡೆದವು. ಡಿಎಂಎಕ್ಸ್ ನಿಯಂತ್ರಣದ ಒಂದು ಸಾಲಿನಲ್ಲಿ 512 ಚಾನೆಲ್. ಕೆಂಪು, ಹಸಿರು, ನೀಲಿ, ಬಿಳಿ ನಾಲ್ಕೂ ಬೇಕೆಂದರೆ 128 ತುಣುಕು ಗೆರೆಗಳನ್ನು ಬಿಡಿಬಿಡಿಯಾಗಿ ಆಡಿಸಬಹುದು. ರಾಜ್ಯೋತ್ಸವದ ರಾತ್ರಿ ಹಳದಿ-ಕೆಂಪು ಏರುವುದು ಚೆಂದವೇ. ವರ್ಷದ ಉಳಿದ ರಾತ್ರಿಗಳಲ್ಲಿ ಕಟ್ಟಡ ತನ್ನ ಕಲ್ಲಿನ ಬಣ್ಣದಲ್ಲೇ ಕಾಣಲಿ. ಅದಕ್ಕಾಗಿ ಪ್ರತ್ಯೇಕ ಬಿಳಿ ಚಿಪ್ ಇರುವ ದೀಪವನ್ನೇ ಆರಿಸಬೇಕು. ಮೂರು ಬಣ್ಣ ಬೆರೆಸಿ ಮಾಡಿದ ಬಿಳಿಯಲ್ಲಿ ಕಲ್ಲು ಕಳೆಗುಂದುತ್ತದೆ.

ಈ ಅಲೆಯಲ್ಲಿ ಮುಳುಗಿಹೋದದ್ದು ಮಳೆಯ ವಿಚಾರ. ಐಪಿ67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಾಳಿತೆಂದು ಅರ್ಥ. ರಭಸದ ನೀರಿನೇಟಿನ ಪರೀಕ್ಷೆ ಐಪಿ66ರದು. ಒಂದರಲ್ಲಿ ಪಾಸಾದದ್ದು ಇನ್ನೊಂದರಲ್ಲೂ ಪಾಸಾಗಿರಬೇಕೆಂದಿಲ್ಲ. ಬಿಸಿಲು, ಉಪ್ಪುಗಾಳಿಗಳು ಎರಡರ ಲೆಕ್ಕದಲ್ಲೂ ಇಲ್ಲ. ಉರಿದು ಬಿಸಿಯಾದ ದೀಪದ ಮೇಲೆ ಮಳೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಕೇಬಲ್ ಜಾಯಿಂಟಿನಿಂದ ತೇವ ಎಳೆದುಕೊಳ್ಳುತ್ತದೆ. ಉಡುಪಿ, ಮಂಗಳೂರಿನ ಕಟ್ಟಡಗಳಲ್ಲಿ ಮೊದಲು ಕೆಡುವುದು ಈ ಜಾಯಿಂಟು. ಅಲ್ಯೂಮಿನಿಯಮ್ಮಿಗೆ ಸ್ಟೀಲ್ ಸ್ಕ್ರೂ ನೇರ ತಾಗಿದ ಕಡೆ ಉಪ್ಪುಗಾಳಿಗೆ ಲೋಹ ತಿಂದುಹೋಗುತ್ತದೆ. ಕಾರ್ಖಾನೆಯಲ್ಲೇ ಜೋಡಿಸಿದ ಕನೆಕ್ಟರ್, ತೇವ ಹೊರಹಾಕುವ ಉಸಿರುಪೊರೆ, ಸಿಡಿಲಿನಿಂದ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ಸಾಧನ ಕೇಳಿ ಪಡೆಯಬೇಕು. 12 ವೋಲ್ಟಿನ ಬದಲು 24 ವೋಲ್ಟ್ ಆರಿಸಿದರೆ ಅಷ್ಟೇ ವ್ಯಾಟಿಗೆ ಕರೆಂಟು ಅರ್ಧವಾಗಿ ತಂತಿಯ ನಷ್ಟ ಕಾಲು ಭಾಗಕ್ಕಿಳಿಯುತ್ತದೆ. ದಿನಕ್ಕೆ ಆರು ಗಂಟೆ ಉರಿದರೆ 50,000 ಗಂಟೆ ಎಂದರೆ ಇಪ್ಪತ್ತೆರಡು ವರ್ಷಕ್ಕೂ ಹೆಚ್ಚು. ಆ ಲೆಕ್ಕ ಚಿಪ್ಪಿನದು. ಡ್ರೈವರ್, ಸೀಲು ಅಷ್ಟು ಬಾಳುವುದಿಲ್ಲ. ಅವನ್ನು ಬದಲಿಸಲು ಏಣಿ ಎಲ್ಲಿ ನಿಲ್ಲಬೇಕು ಎಂಬುದು ನಕ್ಷೆಯಲ್ಲೇ ಇರಬೇಕು.

ಕತ್ತಲಿನ ಬಗ್ಗೆ ನಮ್ಮ ಕ್ಷೇತ್ರ ತೀರಾ ಕಡಿಮೆ ಮಾತಾಡಿದೆ. 2010ರಲ್ಲಿ ದೇಶಕ್ಕೆ ರಾಷ್ಟ್ರೀಯ ಬೆಳಕಿನ ಸಂಹಿತೆ ಬಂತು. 2020ರಲ್ಲಿ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಸಂಘ ಹೊರಾಂಗಣ ಬೆಳಕಿಗೆ ಐದು ಸೂತ್ರ ಕೊಟ್ಟಿತು: ಅಗತ್ಯವಿದ್ದರೆ ಮಾತ್ರ, ಬೇಕಾದ ಕಡೆಗೆ, ಬೇಕಾದಷ್ಟೇ, ಬೇಕಾದ ಹೊತ್ತಿಗೆ, ಬೆಚ್ಚನೆಯ ಬಣ್ಣದಲ್ಲಿ. 2022ರಲ್ಲಿ ಲಡಾಖ್‌ನ ಹಾನ್ಲೆಯನ್ನು ಕತ್ತಲು ಕಾಯ್ದಿಡುವ ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿನ ವೀಕ್ಷಣಾಲಯ ನಡೆಸುವ ಭಾರತೀಯ ಖಭೌತ ಸಂಸ್ಥೆ ಇರುವುದು ಬೆಂಗಳೂರಿನಲ್ಲೇ. ಆದರೂ ಈ ಊರಿನ ಮರಗಳಿಗೆ ಇಡೀ ರಾತ್ರಿ ಕೆಳಗಿನಿಂದ ಬೆಳಕು ಹಾಯಿಸುವಾಗ ಅಲ್ಲಿನ ಬಾವಲಿ, ಪತಂಗ, ಹಕ್ಕಿಗೂಡುಗಳನ್ನು ನೆನೆಯುವವರು ವಿರಳ. ಹತ್ತು ಗಂಟೆಯ ಮೇಲೆ ಅರ್ಧಕ್ಕೆ ಇಳಿಸುವ, ನಡುರಾತ್ರಿಗೆ ಆರಿಸುವ ಸೌಲಭ್ಯ ಇದೇ ಎಲ್‌ಇಡಿಯಲ್ಲಿದೆ. ಅದನ್ನು ಬಳಸುವ ಷರತ್ತು ಟೆಂಡರುಗಳಲ್ಲಿಲ್ಲ.

ಇನ್ನೊಂದು ಕೊರತೆ ಇದಕ್ಕೂ ದೊಡ್ಡದು. ಜಾಯಿಂಟು ಬಿಗಿಯುವ, ಕೋನ ತಿರುಗಿಸುವ ಎಲೆಕ್ಟ್ರಿಷಿಯನ್ನರಿಗೆ ಕನ್ನಡದಲ್ಲಿ ಈ ವಿದ್ಯೆ ಹೇಳಿಕೊಡುವ ಏರ್ಪಾಡು ಬೆಳೆದಿಲ್ಲ. ಲಕ್ಷಗಟ್ಟಲೆ ರೂಪಾಯಿಯ ದೀಪದ ಹಣೆಬರಹ ನಿಲ್ಲುವುದು ಅವರ ಕೈಯಲ್ಲಿ. ಕಾಂಟ್ರಾಕ್ಟರರ ಸಭೆಯಲ್ಲಿ ಅವರಿಗೆ ಕುರ್ಚಿಯೂ ಇರುವುದಿಲ್ಲ.

ಆದ್ದರಿಂದ ದೀಪ ಹಾಕಿಸುವವರಿಗೆ ನಾನು ಹೇಳುವುದಿಷ್ಟೆ. ಟೆಂಡರು ಬರೆಯುವ ಮುನ್ನ ಒಂದು ಸಂಜೆ ಎರಡು ಮೂರು ಮಾದರಿಯ ದೀಪಗಳನ್ನು ನಿಮ್ಮ ಗೋಡೆಯ ಮುಂದೆ ಹಚ್ಚಿಸಿ. ಹತ್ತಿರ ತನ್ನಿ, ದೂರ ಸರಿಸಿ, ರಸ್ತೆಯಿಂದಲೂ ಎದುರುಮನೆಯ ಕಿಟಕಿಯಿಂದಲೂ ನೋಡಿ. ದೀಪ ಕಟ್ಟುವ ಎಲೆಕ್ಟ್ರಿಷಿಯನ್ನರನ್ನೂ ಜೊತೆಗೆ ನಿಲ್ಲಿಸಿಕೊಳ್ಳಿ. ಆ ಸಂಜೆ ಗೋಡೆ ಕೇಳಿದ ದೂರ, ಕೋನ, ಬಣ್ಣ ಮತ್ತು ಆರಿಸುವ ಹೊತ್ತನ್ನು ಬರೆದುಕೊಂಡರೆ ಅದೇ ಟೆಂಡರಿನ ಮೊದಲ ಪುಟ. ವ್ಯಾಟ್ ಮತ್ತು ಬೆಲೆ ಎರಡನೇ ಪುಟಕ್ಕೆ ಬರಲಿ.