ಯಾರಿಗೆ ತೋರಿಸ್ಲಿಕ್ಕೆ?

ಕೊಡಿಯಾಲ್‌ಬೈಲಿನಲ್ಲಿ ನಾನು ಬಾಡಿಗೆಗಿರುವ ಫ್ಲ್ಯಾಟಿನ ಅಡುಗೆಮನೆ ಕಿಟಕಿಯಿಂದ ಒಂದು ಹಂಚಿನ ಮನೆ ಕಾಣ್ತಿತ್ತು. ಎದುರಿಗೆ ಜಗಲಿ, ಪಕ್ಕದಲ್ಲಿ ಬಾವಿ, ಹಿಂದೆ ಎರಡು ತೆಂಗು, ಒಂದು ಹಲಸು. ಬೆಳಿಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಮ್ಯೂಟ್ ಮಾಡಿಕೊಂಡು ನಾನು ನೋಡ್ತಾ ಕೂರುತ್ತಿದ್ದದ್ದು ಅದನ್ನೇ. ಕಳೆದ ಬೇಸಿಗೆಯಲ್ಲಿ ಒಂದು ಶುಕ್ರವಾರ ಊರಿಗೆ ಹೋದೆ. ಸೋಮವಾರ ವಾಪಸ್ ಬರುವಾಗ ಮನೆ ಇರಲಿಲ್ಲ, ಜೇಸಿಬಿ ಇತ್ತು. ಮರದ ಪಕ್ಕಾಸುಗಳನ್ನು ಒಂದು ಕಡೆ, ಹಂಚುಗಳನ್ನು ಇನ್ನೊಂದು ಕಡೆ ಒಪ್ಪವಾಗಿ ಜೋಡಿಸಿ ಇಟ್ಟಿದ್ದರು. ಹಳೇ ಹಂಚಿಗೆ ಈಗ ಒಳ್ಳೆ ರೇಟು ಉಂಟು, ರೆಸಾರ್ಟಿನವರು ತಗೊಂಡು ಹೋಗ್ತಾರೆ.

ಮೂಲೆ ಒಡೆದ ಒಂದು ಹಂಚನ್ನು ಕೇಳಿ ತಂದೆ. ತೊಳೆದಾಗ ಅದರ ಮೇಲೆ ಉಬ್ಬಕ್ಷರ ಕಂಡಿತು. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಕೂಡಲೇ ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ: "ನೂರ ಅರವತ್ತು ವರ್ಷದ ಮನೆ ಕೆಡವಿದ್ರು". ಅಳುವ ಮುಖಗಳು ಸಾಲಾಗಿ ಬಂದವು.

ನಾನು ಬರೆದದ್ದು ತಪ್ಪು. 1865 ಆ ಹಂಚು ಹುಟ್ಟಿದ ಇಸವಿ ಅಲ್ಲ, ಕಾರ್ಖಾನೆ ಹುಟ್ಟಿದ ಇಸವಿ. ಮಿಷನ್‌ನ ಯಂತ್ರಜ್ಞ ಗೇಯೋರ್ಗ್ ಪ್ಲೆಬ್ಸ್ಟ್ ಆ ವರ್ಷ ಜೆಪ್ಪಿನಲ್ಲಿ, ನೇತ್ರಾವತಿಯ ಬದಿ, ಹಂಚಿನ ಕಾರ್ಖಾನೆ ಶುರುಮಾಡಿದ. ಆಮೇಲೆ ದಶಕಗಟ್ಟಲೆ ಅಚ್ಚಿನಲ್ಲಿ ಅದೇ ಇಸವಿ. ಇವತ್ತಿಗೂ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ ಹಂಚು ನೋಡಿ ಮನೆಗೆ ಜಾತಕ ಬರೆಯುತ್ತಾರೆ. ಹಂಚು ಹೇಳುವುದು ಅದಕ್ಕಿಂತ ಸ್ವಲ್ಪ ಕಡಿಮೆ, ಸ್ವಲ್ಪ ಬೇರೆ. ಮೊದಲನೇ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳು ಬ್ರಿಟಿಷರಿಗೆ ಶತ್ರುಗಳಾದರು, ಮಿಷನ್‌ನ ಕಾರ್ಖಾನೆಗಳು ಕೈತಪ್ಪಿದವು, ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ಹಾಗಾಗಿ ಬಾಸೆಲ್ ಹೆಸರಿನ ಹಂಚು ಅಂದರೆ ಯುದ್ಧಕ್ಕೆ ಮುಂಚಿನದ್ದು, ಕಾಮನ್‌ವೆಲ್ತ್ ಅಂತ ಇದ್ದರೆ ಆಮೇಲಿನದ್ದು ಅಂತ ಅಂದಾಜು ಮಾಡಬಹುದು. ಅಂದಾಜು ಮಾತ್ರ. ಒಂದು ಮನೆಯ ಹಂಚು ಇನ್ನೊಂದು ಮನೆಗೆ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೆನಲ್ಲ.

ಹಾಗಾದರೆ ಆ ಮನೆಯ ನಕ್ಷೆ ಎಲ್ಲಿಯಾದರೂ ಉಂಟಾ? ಮನೆಯವರು ಎಪ್ಪತ್ತು ದಾಟಿದ ಹಿರಿಯರು, ಈಗ ಮಗಳ ಜೊತೆ ಇದ್ದಾರೆ. ಹೋಗಿ ಕೇಳಿದೆ. "ನಕ್ಷೆ ಎಂತದ್ದು ಮಾರಾಯ್ರೆ, ತೀರ್ವೆ ರಶೀದಿ ಉಂಟು, ವಿಭಾಗಪತ್ರ ಉಂಟು" ಅಂತ ಒಂದು ತಗಡಿನ ಪೆಟ್ಟಿಗೆ ತಂದರು. ವಿಭಾಗಪತ್ರದಲ್ಲಿ ಚಿತ್ರ ಇಲ್ಲ, ಚಕ್ಕುಬಂದಿ ಉಂಟು. ಮೂಡಕ್ಕೆ ಯಾರ ಗದ್ದೆ, ಪಡುವಕ್ಕೆ ಯಾವ ತೋಡು, ಬಾವಿಯಲ್ಲಿ ನೀರು ಸೇದುವ ಹಕ್ಕು ಯಾರಿಗೆ, ಹಲಸಿನ ಮರ ಯಾರ ಪಾಲು. ಓದುತ್ತಾ ಹೋದರೆ ಕೊಡಿಯಾಲ್‌ಬೈಲು ಎಂಬ ಹೆಸರಿನ ಅರ್ಥ ಎದುರಿಗೆ ಬಂದು ನಿಲ್ಲುತ್ತದೆ. ಕೊಡಿಯಾಲ ಅಂದರೆ ಕೊಂಕಣಿಯಲ್ಲಿ ಮಂಗಳೂರು. ನಮ್ಮ ಕಡೆ ಗದ್ದೆಗಳಲ್ಲಿ ಬೆಟ್ಟು, ಮಜಲು, ಬೈಲು ಅಂತ ಮೂರು ಬಗೆ. ನೀರು ನಿಲ್ಲುವ ತಗ್ಗಿನ ಗದ್ದೆ ಬೈಲು. ಮಳೆಗಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ನೀರು ನುಗ್ಗಿದಾಗ ವಾಟ್ಸಾಪಿನಲ್ಲಿ ಡ್ರೈನೇಜಿಗೆ ಬೈಯ್ಯುತ್ತೇವೆ. ಹೆಸರಿನಲ್ಲೇ ಬರೆದಿದ್ದರು, ನಾವು ಓದಲಿಲ್ಲ.

ಆದರೆ ಜಗಲಿ ಎಷ್ಟು ಅಗಲ, ಮಾಡು ಎಷ್ಟು ಇಳಿಜಾರು, ದೇವರ ಕೋಣೆ ಯಾವ ದಿಕ್ಕಿಗೆ ಎಂಬುದು ಪತ್ರದಲ್ಲಿ ಇರುವುದಿಲ್ಲ. ಪಾಲು ಮಾಡುವವರಿಗೆ ಅದು ಬೇಕಾಗಿಲ್ಲ.

ಇದೇ ಊರಿನ ಬೇರೆ ಕೆಲವು ಕಟ್ಟಡಗಳ ವಿಷಯದಲ್ಲಿ ಹಾಗಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಕಟ್ಟಿಸಿದ ಕಟ್ಟಡ, ಅದು ನಿಂತ ಜಾಗದ ಬಗ್ಗೆ ತಿಳಿಯಬೇಕಾದರೆ ಈಗ ಕುರ್ಚಿಯಿಂದ ಏಳಬೇಕಾಗಿಲ್ಲ. 1834ರ ಅಕ್ಟೋಬರ್ 30ರಂದು ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಇಲ್ಲಿ ಬಂದಿಳಿದಲ್ಲಿಂದ ಶುರುವಾದ ಕಾಗದ ಪತ್ರಗಳು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿವೆ. 2001ರಿಂದ ಮಿಷನ್ 21 ಎಂಬ ಹೆಸರಿನ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಸಾವಿರಾರು ಹಳೇ ಫೋಟೊಗಳು, ಭೂಪಟಗಳು, ನಿವೇಶನ ಮತ್ತು ಕಟ್ಟಡಗಳ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕಿದ್ದಾರೆ. ಒಂದು ರಾತ್ರಿ ಎರಡು ಗಂಟೆವರೆಗೆ ಕೂತು ನೋಡಿದೆ. ಪತ್ರಗಳು ಹಳೇ ಜರ್ಮನ್ ಕೈಬರಹದಲ್ಲಿವೆ, ನನಗೆ ಒಂದಕ್ಷರ ಗೊತ್ತಾಗುವುದಿಲ್ಲ. ನಕ್ಷೆಗೆ ಮಾತ್ರ ಭಾಷೆ ಬೇಡ. ಬಾಗಿಲು ಎಲ್ಲಿ ಅಂತ ಯಾರಿಗೂ ಗೊತ್ತಾಗುತ್ತದೆ.

ಇದನ್ನೆಲ್ಲ ಇಷ್ಟು ಜೋಪಾನವಾಗಿ ಯಾಕೆ ಇಟ್ಟರು ಅಂತ ಕೇಳಿದರೆ, "ಯುರೋಪಿನವರಿಗೆ ಇತಿಹಾಸ ಪ್ರಜ್ಞೆ ಜಾಸ್ತಿ, ನಮಗೆ ಇಲ್ಲ" ಎಂಬ ರೆಡಿಮೇಡ್ ಉತ್ತರ ಸಿಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಕಾರಣ ಅದಕ್ಕಿಂತ ಸಾದಾ: ಅವರಿಗೆ ದೂರದಲ್ಲಿ ಒಬ್ಬ ಬಾಸ್ ಇದ್ದ. ಬಾಸೆಲ್‌ನ ಕಮಿಟಿ ಎಲ್ಲದರ ಮೇಲೂ ಬಿಗಿ ಹಿಡಿತ ಇಟ್ಟಿತ್ತು. ಮಿಷನರಿ ಮದುವೆಯಾಗಬೇಕಾದರೂ ಕಮಿಟಿಯ ಒಪ್ಪಿಗೆ ಬೇಕಿತ್ತು! ಹೆಣ್ಣಿಗೇ ಅಪ್ರೂವಲ್ ಬೇಕಾದ ಕಡೆ ಕಟ್ಟಡಕ್ಕೆ ಬೇಡವೇ? ಹಣ ಅಲ್ಲಿಂದ ಬರುವುದು, ಲೆಕ್ಕ ಇಲ್ಲಿಂದ ಹೋಗುವುದು. ತಿಂಗಳುಗಟ್ಟಲೆ ಹಡಗು ಹಾದಿಯ ಆಚೆ ಕೂತವನಿಗೆ ಕಟ್ಟಡ ತೋರಿಸಲಿಕ್ಕೆ ಕಾಗದ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಕ್ಲೈಂಟ್ ಅಮೆರಿಕದಲ್ಲಿ ಇರುವಾಗ ನಾವು ಮಾಡುವ ಡಾಕ್ಯುಮೆಂಟೇಶನ್, ಕ್ಲೈಂಟ್ ಪಕ್ಕದ ಟೇಬಲಿನಲ್ಲಿ ಇದ್ದರೆ ಮಾಡ್ತೇವಾ ಹೇಳಿ.

ಗುಡ್ಡದ ಮೇಲಿನ ಸಂತ ಅಲೋಶಿಯಸ್ ಕಾಲೇಜಿನ ಕತೆಯೂ ಸುಮಾರಾಗಿ ಹೀಗೇ. 1880ರಲ್ಲಿ ಶುರುಮಾಡಿದವರು ಜೆಸ್ವಿಟರು. ಈ ಮಿಷನ್ ಇಟಲಿಯ ವೆನಿಸ್ ಪ್ರಾಂತ್ಯದ ಕೈಯಲ್ಲಿತ್ತು, ಮೇಲಿನ ಅಧಿಕಾರ ರೋಮಿನಲ್ಲಿ. ಚಾಪೆಲಿನ ಗೋಡೆ, ಮಾಡುಗಳಿಗೆ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರೊಳಗೆ ಚಿತ್ರ ಬರೆದದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಅದಕ್ಕಿಂತ ಮೊದಲೇ, 1897ರಲ್ಲಿ, ಕಾಲೇಜು ಮಂಗಳೂರು ಮ್ಯಾಗಜಿನ್ ಎಂಬ ಪತ್ರಿಕೆ ಶುರುಮಾಡಿ ಕಾಲೇಜಿನ ಮುಖವಾಣಿ ಮತ್ತು ದಾಖಲೆ ಅಂತಲೇ ಅದನ್ನು ಕರೆದಿತ್ತು. ಬರೆದಿಡುವುದು ಅವರಿಗೆ ದಿನದ ಕೆಲಸದ ಭಾಗ.

ಸರ್ಕಾರಿ ಕಟ್ಟಡಗಳ ಬಾಸ್ ಮದ್ರಾಸಿನಲ್ಲಿದ್ದ. ಟಿಪ್ಪು ಬಿದ್ದ 1799ರಿಂದ 1956ರ ತನಕ ನಾವು ಮದ್ರಾಸಿನವರು. ಜೈಲೋ ಕೋರ್ಟೋ ಬಂಗಲೆಯೋ, ಎಸ್ಟಿಮೇಟು ಹೋಗಿದ್ದು ಅಲ್ಲಿಗೆ. ಆದ್ದರಿಂದ ಆ ಕಾಲದ ಮಂಗಳೂರನ್ನು ಹುಡುಕುವವರು ಮೊದಲು ಹೋಗಬೇಕಾದ್ದು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರಕ್ಕೆ. 1909ರಲ್ಲಿ ಮದ್ರಾಸ್ ರೆಕಾರ್ಡ್ ಆಫೀಸ್ ಅಂತ ಶುರುವಾದ ಜಾಗ ಅದು. ಬೆಂಗಳೂರಿನ ನಮ್ಮ ರಾಜ್ಯ ಪತ್ರಾಗಾರದ ನಿಜವಾದ ಬಲ ಮೈಸೂರು ಸಂಸ್ಥಾನದ ಕಡತಗಳಲ್ಲಿ ಉಂಟು. ರಾಜ್ಯ ಒಂದಾಯಿತು, ಕಪಾಟು ಒಂದಾಗಲಿಲ್ಲ. ಮಂಗಳೂರಿಗೆ 1866ರಿಂದ ಪುರಸಭೆ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಆದರೆ ಕಚೇರಿಗೆ ಕೊಟ್ಟ ಪ್ಲಾನು ಹೇಳುವುದು ಏನು ಕಟ್ಟುತ್ತೇವೆ ಅಂತ ಮಾತು ಕೊಟ್ಟರು ಎಂಬುದನ್ನು. ಏನು ಕಟ್ಟಿದರು ಎಂಬುದು ಬೇರೆ ವಿಷಯ. ಇದನ್ನು ನಾನು ವಿವರಿಸಬೇಕಾಗಿಲ್ಲ, ನಿಮ್ಮ ಬಾಲ್ಕನಿ ನೋಡಿಕೊಳ್ಳಿ.

ಉಳಿದದ್ದು ನನ್ನ ಕಿಟಕಿಯ ಮನೆಯಂಥವು, ಅಂದರೆ ಊರಿನ ಬಹುಪಾಲು. ಅವುಗಳನ್ನು ಕಟ್ಟಿದವರು ಆಚಾರಿಗಳು, ಅವರಿಗೆ ಕಟ್ಟಿಸುವ ಯಜಮಾನ ಎದುರಿಗೇ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಾ ಕೂತಿರುತ್ತಿದ್ದ. ಕಾಗದ ಯಾಕೆ? ಕೋಲು ಹಿಡಿದು ನೆಲದಲ್ಲಿ ಗೀಟು ಎಳೆದರೆ ಆಯಿತು. ಹಾಗಂತ ಬಾಯಿಗೆ ಬಂದ ಅಳತೆ ಅಲ್ಲ. ಆಯ ನೋಡುತ್ತಿದ್ದರು. ಮನೆಯ ಅಳತೆಯನ್ನು ಲೆಕ್ಕಕ್ಕೆ ಹಾಕಿ ಎಂಟರಿಂದ ಭಾಗಿಸಬೇಕು, ಉಳಿಯುವ ಶೇಷವೇ ಆಯ. ಒಂದು ಉಳಿದರೆ ಧ್ವಜ, ಮೂರು ಸಿಂಹ, ಐದು ವೃಷಭ, ಏಳು ಗಜ. ಬೆಸ ಬಂದರೆ ಒಳ್ಳೆಯದು, ಸಮ ಬಂದರೆ ಅಳತೆಯನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮಾಡ್ಯುಲೋ 8, ಒಂದು ಚೆಕ್‌ಸಮ್. ಶುಭ ಅಶುಭ ನೀವು ನಂಬಿ ಬಿಡಿ, ನೂರು ವರ್ಷದ ಮೇಲೆ ಟೇಪು ಹಿಡಿದವನಿಗೆ ತಾನು ಅಳೆದದ್ದು ಮೂಲದ ಅಳತೆ ಹೌದಾ, ಆಮೇಲೆ ಯಾರಾದರೂ ಗೋಡೆ ಸರಿಸಿದ್ದಾರಾ ಅಂತ ಸಂಶಯ ಬರಲಿಕ್ಕೆ ಇಷ್ಟು ಸಾಕು.

ಹಂಚಿನಿಂದಲೂ ಇನ್ನೊಂದು ಉಪಕಾರ ಉಂಟು. ಮುಳಿಹುಲ್ಲಿನ ಮಾಡಿಗೆ ಅಳತೆ ಇರಲಿಲ್ಲ. ಅಚ್ಚಿನ ಹಂಚಿಗೆ ಉಂಟು, ಹಾಗಾಗಿ ರೀಪಿನಿಂದ ರೀಪಿಗೆ ಒಂದಡಿ ಚಿಲ್ಲರೆಯ ಅಂತರ ಬಿಡಲೇಬೇಕು. ಹಳೇ ಫೋಟೊದಲ್ಲಿ ಹಂಚಿನ ಸಾಲು ಎಣಿಸಿದರೆ ಮಾಡಿನ ಇಳಿಜಾರಿನ ಉದ್ದ ಹತ್ತಿರ ಹತ್ತಿರ ಸಿಗುತ್ತದೆ. ನನ್ನ ಮೊಬೈಲಿನಲ್ಲಿ ಆ ಮನೆಯ ಮೂರು ಫೋಟೊ ಸಿಕ್ಕವು, ಮೂರೂ ಮಳೆಯ ಫೋಟೊ ತೆಗೆಯಲಿಕ್ಕೆ ಹೋಗಿ ಬಿದ್ದವು. ಹದಿನೇಳು ಸಾಲು. ಅಷ್ಟು ಮಾತ್ರ ಹೇಳಬಲ್ಲೆ.

ನಿಂತಿರುವ ಮನೆಯನ್ನು ಅಳೆದು ಕಾಗದಕ್ಕೆ ಇಳಿಸುವುದು ಹೊಸ ಯೋಚನೆ ಏನಲ್ಲ. ಅಮೆರಿಕದಲ್ಲಿ 1933ರ ಆರ್ಥಿಕ ಕುಸಿತದ ಕಾಲದಲ್ಲಿ ಚಾರ್ಲ್ಸ್ ಪೀಟರ್ಸನ್ ಎಂಬಾತ ಒಂದು ಪ್ರಸ್ತಾವ ಬರೆದ: ಕೆಲಸ ಇಲ್ಲದ ಸಾವಿರ ವಾಸ್ತುಶಿಲ್ಪಿಗಳಿಗೆ ಹತ್ತು ವಾರ ಸಂಬಳ ಕೊಡಿ, ಹಳೇ ಕಟ್ಟಡಗಳನ್ನು ಅಳೆದು ಬರೆಯಲಿ. ಹತ್ತು ವಾರದ ಯೋಜನೆ ಇನ್ನೂ ಮುಗಿದಿಲ್ಲ. ದೊಡ್ಡವರ ಬಂಗಲೆ ಮಾತ್ರ ಅಲ್ಲ, ಕೊಟ್ಟಿಗೆ, ಸೇತುವೆ, ಗಿರಣಿ ಎಲ್ಲ ಅದರಲ್ಲುಂಟು. ಲೈಬ್ರರಿ ಆಫ್ ಕಾಂಗ್ರೆಸ್ಸಿನಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಬೆಂಚಿನಲ್ಲಿ ಕೂತ ಇಂಜಿನಿಯರುಗಳಿಗೆ ಇಷ್ಟು ಒಳ್ಳೆ ಕೆಲಸ ಯಾರೂ ಕೊಟ್ಟದ್ದಿಲ್ಲ. ನಮ್ಮಲ್ಲಿ ಇಂಟ್ಯಾಕ್ 1984ರಿಂದ ಉಂಟು. ಅದರ ಮಂಗಳೂರು ಘಟಕದವರು ನನ್ನ ಫ್ಲ್ಯಾಟಿನಿಂದ ನಡೆದು ಹೋಗುವಷ್ಟು ದೂರದ ಬಲ್ಲಾಳ್‌ಬಾಗಿನಲ್ಲಿ ಕೊಡಿಯಾಲ್‌ಗುತ್ತು ಎಂಬ ಹಳೇ ಗುತ್ತಿನ ಮನೆಯನ್ನೇ ಕಲಾಕೇಂದ್ರ ಮಾಡಿಕೊಂಡಿದ್ದಾರೆ. ಒಂದು ಭಾನುವಾರ ಹೋಗಿ ಅದರ ಕಂಬ ಮುಟ್ಟಿ ಬನ್ನಿ.

ನಾನು ಹೋಗಿ ಬಂದ ಮೇಲೆ ಮಾಡಿದ್ದು ಇಷ್ಟೇ: ಐವತ್ತು ಅಡಿಯ ಟೇಪು ಒಂದು ತಗೊಂಡೆ. ಊರಿನಲ್ಲಿ ನಮ್ಮ ಮನೆಯ ಮಾಡು ಬಗ್ಗಿದೆ. ಬರುವ ವರ್ಷ ತೆಗೆದು ಟೆರೇಸ್ ಹಾಕುವುದು ಅಂತ ಅಣ್ಣ ತೀರ್ಮಾನ ಮಾಡಿ ಆಗಿದೆ. ಅವನನ್ನು ತಡೆಯುವ ಮುಖ ನನಗಿಲ್ಲ. ಮಳೆಗಾಲದಲ್ಲಿ ಸೋರುವ ಕಡೆ ಬಾಲ್ದಿ ಇಡುವವನು ಅವನು, ನಾನಲ್ಲ. ಕೆಡಹುವ ಮೊದಲು ಅಳೆದು ಇಡುವ ಅಂತ ಮಾತ್ರ ನನಗೆ.

ಟೇಪಿನ ಇನ್ನೊಂದು ತುದಿ ಹಿಡಿಯಲಿಕ್ಕೆ ಅಮ್ಮನನ್ನು ಕರೆದೆ. ಎರಡು ಕೋಣೆ ಆಗುವ ತನಕ ಅಮ್ಮ ಸುಮ್ಮನಿದ್ದರು. ಆಮೇಲೆ "ಇದೆಲ್ಲ ಯಾರಿಗೆ ತೋರಿಸ್ಲಿಕ್ಕೆ?" ಅಂತ ಕೇಳಿದರು. ನನ್ನ ಹತ್ತಿರ ಬಾಸೆಲ್ ಇಲ್ಲ, ಮದ್ರಾಸ್ ಇಲ್ಲ. "ನನಗೇ" ಅಂದೆ. "ನೀನು ಇಲ್ಲೇ ಹುಟ್ಟಿದವ ಅಲ್ವಾ" ಅಂದರು.

ರಾತ್ರಿ ಲೆಕ್ಕ ಹಾಕಲಿಕ್ಕೆ ಕೂತರೆ ನಕ್ಷೆ ಕೂಡಿ ಬರಲಿಲ್ಲ. ಹೊರಗಿನ ಉದ್ದ 42 ಅಡಿ. ಒಳಗಿನ ಕೋಣೆಗಳನ್ನೂ ಗೋಡೆಗಳ ದಪ್ಪವನ್ನೂ ಕೂಡಿಸಿದರೆ 39 ಅಡಿ 3 ಇಂಚು. ಎರಡು ಮುಕ್ಕಾಲು ಅಡಿ ಎಲ್ಲಿಗೋ ಹೋಗಿದೆ. ಬೆಳಿಗ್ಗೆ ಮತ್ತೊಮ್ಮೆ ಅಳೆದೆ, ಅಷ್ಟೇ ಬಂತು. ಅಡುಗೆಮನೆಗೂ ಅದರ ಪಕ್ಕದ ಕತ್ತಲೆ ಕೋಣೆಗೂ ನಡುವಿನ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದಾಗ ಸದ್ದು ಬೇರೆ ಬಂತು.

"ಅದು ಲೆವಿ ಕೋಣೆ" ಅಂದರು ಅಮ್ಮ, ಕಾಯಿ ತುರಿಯುತ್ತಾ, ತಲೆ ಎತ್ತದೆ. ಅಕ್ಕಿಗೆ ಸರ್ಕಾರ ಲೆವಿ ಹಾಕುತ್ತಿದ್ದ ಕಾಲದಲ್ಲಿ ಅಜ್ಜ ಆ ಎರಡು ಗೋಡೆ ನಡುವೆ ಭತ್ತ ತುಂಬಿಸಿ ಇಡುತ್ತಿದ್ದರಂತೆ. ತುಂಬುವುದು ಮೇಲೆ ಅಟ್ಟದ ಹಲಗೆ ಎತ್ತಿ. ಹುಡುಕಲಿಕ್ಕೆ ಬಂದ ಅಧಿಕಾರಿ ಅದೇ ಗೋಡೆಗೆ ಒರಗಿ ಕೂತು ಮಜ್ಜಿಗೆ ಕುಡಿದು ಹೋದರಂತೆ. ಆಮೇಲೆ ಇಲಿ ಕಾಟ ಅಂತ ಹಲಗೆಗೆ ಮೊಳೆ ಹೊಡೆದು ಬಿಟ್ಟರು. ಅಣ್ಣನಿಗೂ ಗೊತ್ತಿರಲಿಲ್ಲ.

ಇದನ್ನು ನಕ್ಷೆಯಲ್ಲಿ ಹಾಕಬಹುದಾ ಅಂತ ಕೇಳಿದೆ. ಅಮ್ಮ ತುರಿಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ಹಾಕು. ಈಗ ಯಾರು ಬರ್ತಾರೆ."