ಆಷಾಢದ ಅಗಲಿಕೆ

ಮದುವೆಯಾದ ಮೊದಲ ವರ್ಷದ ಆಷಾಢದಲ್ಲಿ ಗಂಡ ಹೆಂಡತಿ ಬೇರೆ ಬೇರೆ ಇರುವ ವಾಡಿಕೆ. ಆಷಾಢ ಹುಟ್ಟುವ ಮುನ್ನ ತವರಿನವರು ಬಂದು ಹೆಣ್ಣನ್ನು ಕರೆದುಕೊಂಡು ಹೋಗುತ್ತಾರೆ. ಶ್ರಾವಣ ಬಂದ ಮೇಲೆ ಅವಳು ಗಂಡನ ಮನೆಗೆ ಮರಳುತ್ತಾಳೆ. ಹಳೆಯ ಮೈಸೂರು ಸೀಮೆಯ ಉದ್ದಕ್ಕೂ ಇರುವ ಈ ಕಟ್ಟಳೆ ಚಾಮರಾಜನಗರದಲ್ಲಿ ಒಂದು ದಿನದ ಮಟ್ಟಿಗೆ ಸಡಿಲವಾಗುತ್ತದೆ. ಅದು ಚಾಮರಾಜೇಶ್ವರನ ತೇರಿನ ದಿನ. ಅಗಲಿದ ಜೋಡಿಗಳು ಅಂದು ಜಾತ್ರೆಯಲ್ಲಿ ಕೂಡಿ, ತೇರಿಗೆ ಹಣ್ಣು ಜವನ ಎಸೆದು ಕೈಮುಗಿಯುತ್ತವೆ.

ಚಾಮರಾಜನಗರದ ಹಿಂದಿನ ಹೆಸರು ಅರಿಕುಠಾರ. ಮೈಸೂರು ದೊರೆ ಖಾಸಾ ಚಾಮರಾಜ ಒಡೆಯರು 1774ರಲ್ಲಿ ಹುಟ್ಟಿದ್ದು ಇಲ್ಲಿ. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರನ ದೇವಾಲಯ ಕಟ್ಟಿಸಿದರು. ಶುಭಕಾರ್ಯಗಳಿಗೆ ಸಲ್ಲದ ತಿಂಗಳೆಂದು ಬೇರೆಡೆ ಬದಿಗಿಡುವ ಆಷಾಢದಲ್ಲೇ ಇಲ್ಲಿ ತೇರು ಎಳೆಯುತ್ತಾರೆ. ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ, ನಂಜನಗೂಡು ಕಡೆಗಳಿಂದಲೂ ಹೊಸ ಜೋಡಿಗಳು ಬರುತ್ತವೆ.

ಅಗಲಿಕೆಗೆ ಹೇಳುವ ಕಾರಣಗಳು ಹಲವು. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎನ್ನುವುದು ಮನೆಯ ಹಿರಿಯರ ಮಾತು. ಈ ತಿಂಗಳು ಬಸಿರಾದರೆ ಚೈತ್ರ ವೈಶಾಖದ ಬಿಸಿಲಿನಲ್ಲಿ ಹೆರಿಗೆಯಾಗಿ ತಾಯಿ ಮಗುವಿಗೆ ಕಷ್ಟ ಎನ್ನುವುದು ಓದಿದವರ ವಿವರಣೆ. ಇದು ಒಪ್ಪುವಂತೆ ಕಂಡರೂ ಪೂರ್ತಿ ನಿಲ್ಲುವುದಿಲ್ಲ: ಬಿಸಿಲು ಪ್ರತಿ ವರ್ಷ ಬರುತ್ತದೆ, ಕಟ್ಟಳೆ ಮಾತ್ರ ಮೊದಲ ವರ್ಷಕ್ಕೆ ಸೀಮಿತ. ಹೊಲದ ಕೆಲಸದಿಂದ ಗಂಡಿನ ಮನಸ್ಸು ಬೇರೆಡೆ ಹರಿಯದಿರಲಿ ಎಂಬ ಇನ್ನೊಂದು ಕಾರಣ ಮಲೆನಾಡಿಗೆ ಹೊಂದೀತು. ಆದರೆ ಚಾಮರಾಜನಗರ, ಗುಂಡ್ಲುಪೇಟೆಯ ಮಳೆಯಾಶ್ರಿತ ಹೊಲಗಳಲ್ಲಿ ಏಪ್ರಿಲ್, ಮೇ ತಿಂಗಳ ಮಳೆಗೇ ಬಿತ್ತನೆ ಶುರುವಾಗಿರುತ್ತದೆ. ಇಲ್ಲಿ ಆಷಾಢವೆಂದರೆ ಮಳೆಗಿಂತ ಹೆಚ್ಚಾಗಿ ಗಾಳಿ.

ಕಾರಣ 'ಮೊದಲ ವರ್ಷ' ಎಂಬುದರಲ್ಲೇ ಇದ್ದೀತು. ಮದುವೆ ಸಂತೋಷದ ಸಂಗತಿಯಾದರೂ ಮನಸ್ಸಿಗೆ ಭಾರವೇ. ಅಮೆರಿಕದ ಮನೋವೈದ್ಯರಾದ ಹೋಮ್ಸ್ ಮತ್ತು ರಾಹೆ 1967ರಲ್ಲಿ ಬಾಳಿನ ಬದಲಾವಣೆಗಳ ಒತ್ತಡವನ್ನು ಅಂಕಗಳಲ್ಲಿ ಅಳೆದಾಗ ಸಂಗಾತಿಯ ಸಾವಿಗೆ 100, ಮದುವೆಗೆ 50 ಕೊಟ್ಟರು. ಹೊಸ ಮನೆಗೆ ಬಂದ ಸೊಸೆ ಯಾವಾಗ ಏಳಬೇಕು, ಎಷ್ಟು ಮಾತಾಡಬೇಕು, ಯಾರ ಮುಂದೆ ಕೂರಬಹುದು ಎಂಬುದನ್ನೆಲ್ಲ ಹೊಸದಾಗಿ ಕಲಿಯಬೇಕು, ಅದೂ ಎಲ್ಲರ ಕಣ್ಣಿನ ಕೆಳಗೆ. ತವರಿನ ಒಂದು ತಿಂಗಳು ಆ ಕಲಿಕೆಗೆ ಬಿಡುವು. ಅಲ್ಲಿ ಅವಳು ಹೊತ್ತೇರುವ ತನಕ ಮಲಗಬಹುದು; ಅತ್ತೆಯ ಮನೆಯಲ್ಲಿ ನುಂಗಿಕೊಂಡ ಮಾತನ್ನು ಅವ್ವನ ಹತ್ತಿರ ಆಡಬಹುದು. ಮಗಳು ಹೇಗಿದ್ದಾಳೆ ಎಂಬುದು ಹೆತ್ತವರಿಗೆ ತಿಳಿಯುವುದೂ ಹೀಗೆಯೇ. ಮಾನವಶಾಸ್ತ್ರಜ್ಞ ವಾನ್ ಗೆನಪ್ 1909ರ ತಮ್ಮ ಗ್ರಂಥದಲ್ಲಿ, ಒಂದು ನೆಲೆಯಿಂದ ಇನ್ನೊಂದಕ್ಕೆ ದಾಟಿಸುವ ಆಚರಣೆಗಳಲ್ಲಿ ಅಗಲಿಕೆ, ನಡುವಣ ಸ್ಥಿತಿ, ಮರುಸೇರ್ಪಡೆ ಎಂಬ ಮೂರು ಹಂತಗಳನ್ನು ಗುರುತಿಸಿದ್ದರು. ಆಷಾಢದ ಹೆಣ್ಣು ಈ ನಡುವಣ ಸ್ಥಿತಿಯವಳು. ತವರಿನಲ್ಲಿ ನೆಂಟಳು, ಗಂಡನ ಮನೆಯಲ್ಲಿ ಇನ್ನೂ ಹೊಸಬಳು.

ಗಂಡನ ಪಾಡು ಬೇರೆ. ಬೇಡ ಎಂದು ತಡೆದದ್ದರ ಮೇಲೆ ಆಸೆ ಹೆಚ್ಚುತ್ತದೆ ಎಂಬುದನ್ನು ಮನೋವಿಜ್ಞಾನಿ ಜ್ಯಾಕ್ ಬ್ರೆಹ್ಮ್ 1966ರಲ್ಲಿ ಸಿದ್ಧಾಂತವಾಗಿಸಿದರು. ಅದನ್ನು ತಿಳಿಯಲು ಈ ಸೀಮೆಯ ಹಿರಿಯರಿಗೆ ಸಿದ್ಧಾಂತ ಬೇಕಿರಲಿಲ್ಲ. ಕಟ್ಟಳೆಯನ್ನು ಕಳ್ಳತನದಲ್ಲಿ ಮುರಿಯುವ ಬದಲು ದೇವರ ಹೆಸರಿನಲ್ಲಿ, ನಾಲ್ಕು ಜನರ ನಡುವೆ, ಹಗಲಿನಲ್ಲಿ ಭೇಟಿಯಾಗಲು ತೇರು ದಾರಿ ಕೊಟ್ಟಿತು. ಗೊತ್ತಾದ ದಿನವೊಂದು ಮುಂದಿದ್ದರೆ ಕಾಯುವುದು ಅಷ್ಟು ಕಷ್ಟವಲ್ಲ. ತಿಂಗಳ ಕೊನೆಗೆ ಗಂಡನ ಆಯುಷ್ಯಕ್ಕಾಗಿ ಪೂಜೆ ಮಾಡುವ ಭೀಮನ ಅಮಾವಾಸ್ಯೆಯೂ ಇದೆ. ದೂರವಿರಿಸಿದ ತಿಂಗಳಲ್ಲೇ ನೆನೆಸುವ ಹಬ್ಬಗಳನ್ನೂ ಇಟ್ಟಿರುವುದು ಕಾಕತಾಳೀಯವೆನಿಸುವುದಿಲ್ಲ.

ಜೋಡಿಗಳನ್ನು ಕೂಡಿಸುವ ಈ ತೇರಿಗೇ 2017ರ ಫೆಬ್ರುವರಿಯಲ್ಲಿ ಕಿಡಿಗೇಡಿಯೊಬ್ಬ ಬೆಂಕಿ ಹಚ್ಚಿದ್ದರಿಂದ ರಥೋತ್ಸವ ಕೆಲವು ವರ್ಷ ನಿಂತುಹೋಯಿತು. ಹೊಸ ರಥ ಸಿದ್ಧವಾಗಿ 2022ರ ಜುಲೈನಲ್ಲಿ ಮತ್ತೆ ನಡೆಯಿತು.

ಅಗಲಿಕೆಯ ಬಿಗಿ ಈಗ ತಗ್ಗಿದೆ. ಮೊಬೈಲಿನಲ್ಲಿ ದಿನವೂ ಮಾತಾಡುವವರಿಗೆ ಅದು ಅರೆ ಅಗಲಿಕೆಯಷ್ಟೆ. ಬೆಂಗಳೂರು, ಮೈಸೂರಿನಲ್ಲಿ ಇಬ್ಬರೂ ದುಡಿಯುವ ಮನೆಗಳಲ್ಲಿ ಹೆಣ್ಣು ನಾಲ್ಕು ದಿನ ತವರಿಗೆ ಹೋಗಿ ಬಂದರೆ ಶಾಸ್ತ್ರ ಮುಗಿಯುತ್ತದೆ. ಎದ್ದು ಹೋಗಬೇಕಾದವಳು ಯಾವಾಗಲೂ ಹೆಣ್ಣೇ ಏಕೆ ಎಂಬ ಆಕ್ಷೇಪ ಸರಿಯಾದದ್ದು. ತವರೇ ಇಲ್ಲದವಳಿಗೆ ಆಷಾಢ ಬಿಡುವಲ್ಲ, ಮುಜುಗರ. ಹೀಗಿದ್ದರೂ ಜಾತ್ರೆಗೆ ಬರುವ ಜೋಡಿಗಳು ಕಡಿಮೆಯಾಗಿಲ್ಲ. ಅಗಲದೇ ಒಂದೇ ಬೈಕಿನಲ್ಲಿ ಬಂದವರೂ ಹಣ್ಣು ಜವನ ಎಸೆಯುತ್ತಾರೆ.