ಯುದ್ಧಕೈದಿಯಾಗಿ ಬಂದ ಗೋಲ್‌ಕೀಪರ್

ಮ್ಯಾಂಚೆಸ್ಟರ್ ನಗರದ ಮಾಸ್ ಸೈಡ್ ಬಡಾವಣೆಯಲ್ಲಿ, ಈಗ ಮನೆಗಳ ಸಾಲು ಎದ್ದಿರುವ ಒಂದು ಜಾಗದಲ್ಲಿ, 2003ರವರೆಗೆ ಮೇನ್ ರೋಡ್ ಎಂಬ ಫುಟ್‌ಬಾಲ್ ಕ್ರೀಡಾಂಗಣವಿತ್ತು. ಮ್ಯಾಂಚೆಸ್ಟರ್ ಸಿಟಿ ಎಂದರೆ ಇಂದು ನಮ್ಮ ಮನೆಯ ಮಕ್ಕಳಿಗೆ ನೆನಪಾಗುವುದು ಅಪಾರ ಹಣ ಮತ್ತು ಮೇಲಿಂದ ಮೇಲೆ ಬರುವ ಪ್ರಶಸ್ತಿಗಳು. ಆದರೆ 1949ರ ಅಕ್ಟೋಬರ್‌ನಲ್ಲಿ ಇದೇ ತಂಡವು ಒಬ್ಬ ಗೋಲ್‌ಕೀಪರ್‌ನನ್ನು ಸೇರಿಸಿಕೊಂಡಾಗ ಅದರ ಸ್ವಂತ ಅಭಿಮಾನಿಗಳೇ ತಿರುಗಿಬಿದ್ದರು. ಪಂದ್ಯಗಳನ್ನು ಬಹಿಷ್ಕರಿಸುವುದಾಗಿ ಬೆದರಿಕೆ ಹಾಕಿದರು. ಪ್ರತಿಭಟನೆಗೆ ಬೀದಿಗಿಳಿದವರು ಸುಮಾರು 20,000 ಮಂದಿ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆ ಗೋಲ್‌ಕೀಪರ್ ಜರ್ಮನ್ ಆಗಿದ್ದ. ಹಿಟ್ಲರನ ಸೈನ್ಯದಲ್ಲಿ ಐರನ್ ಕ್ರಾಸ್ ಪದಕ ಪಡೆದವನಾಗಿದ್ದ. ಯುದ್ಧ ಮುಗಿದು ನಾಲ್ಕೇ ವರ್ಷ ಕಳೆದಿದ್ದವು.

ಬರ್ನ್‌ಹಾರ್ಡ್ ಟ್ರೌಟ್‌ಮನ್ ಹುಟ್ಟಿದ್ದು 1923ರಲ್ಲಿ, ಬ್ರೆಮೆನ್ ನಗರದ ಶ್ರಮಿಕ ಕುಟುಂಬವೊಂದರಲ್ಲಿ. ಹತ್ತನೆಯ ವಯಸ್ಸಿಗೇ ನಾಜಿ ಬಾಲಸಂಘವನ್ನು ಸೇರಿದ. ಯುದ್ಧದಲ್ಲಿ ಪ್ಯಾರಾಶೂಟ್ ದಳದ ಸೈನಿಕನಾಗಿ ರಷ್ಯಾದ ರಣರಂಗದಲ್ಲಿ ವರ್ಷಗಟ್ಟಲೆ ಹೋರಾಡಿದ. 1941ರಲ್ಲಿ ಉಕ್ರೇನಿನ ಕಾಡೊಂದರಲ್ಲಿ ನಾಜಿ ಪಡೆಗಳು ಯಹೂದಿಗಳನ್ನು ಕಂದಕದ ಅಂಚಿಗೆ ನಿಲ್ಲಿಸಿ ಗುಂಡಿಟ್ಟು ಕೊಲ್ಲುತ್ತಿದ್ದುದನ್ನು ಅಡಗಿ ನೋಡಿ ಓಡಿಬಂದುದಾಗಿ ಆತ ಬಹುಕಾಲದ ನಂತರ ಹೇಳಿಕೊಂಡ. ಈ ಸಂಗತಿಯನ್ನು ಬಿಟ್ಟು ಟ್ರೌಟ್‌ಮನ್ನನ ಕಥೆ ಹೇಳುವವರಿದ್ದಾರೆ, ಅದು ಸರಿಯಲ್ಲ. ಆತ ಆ ಕೊಲೆಗಳಲ್ಲಿ ಪಾಲ್ಗೊಂಡವನಲ್ಲ, ಆದರೆ ಏನೂ ಅರಿಯದ ಮುಗ್ಧನೂ ಆಗಿರಲಿಲ್ಲ.

ಯುದ್ಧದ ಕೊನೆಯಲ್ಲಿ ಬ್ರಿಟಿಷರ ಕೈಗೆ ಸಿಕ್ಕಿಬಿದ್ದು ಇಂಗ್ಲೆಂಡಿಗೆ ಬಂದ ಟ್ರೌಟ್‌ಮನ್ನನನ್ನು ಅಧಿಕಾರಿಗಳು ಮೊದಲಿಗೆ ನಾಜಿ ವಿಚಾರವನ್ನು ನಂಬಿದವರ ವರ್ಗಕ್ಕೆ ಸೇರಿಸಿದರು. ಮುಂದೆ ಲ್ಯಾಂಕಾಷೈರಿನ ಆಷ್ಟನ್-ಇನ್-ಮೇಕರ್‌ಫೀಲ್ಡ್ ಶಿಬಿರಕ್ಕೆ ಕಳಿಸಿದರು. ಸೆರೆಯ ದಿನಗಳಲ್ಲಿ ಆತ ಯಹೂದಿ ಅಧಿಕಾರಿಯೊಬ್ಬರ ಕಾರು ಚಾಲಕನಾಗಿಯೂ ಕೆಲಸ ಮಾಡಿದ. ದ್ವೇಷಿಸಲು ಕಲಿತಿದ್ದ ಜನಾಂಗದ ಮನುಷ್ಯನೊಡನೆ ದಿನವೂ ಒಂದೇ ಕಾರಿನಲ್ಲಿ ಕೂರಬೇಕಾಯಿತು. ತನ್ನ ನಿಜವಾದ ಶಿಕ್ಷಣ ಆರಂಭವಾದದ್ದು 22ನೆಯ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಬಂದ ಮೇಲೆ ಎಂದು ಆತ ಮುಂದೆ ಅನೇಕ ಬಾರಿ ಹೇಳಿದ. ಗೋಲ್‌ಕೀಪರ್ ಆದದ್ದೂ ಶಿಬಿರದಲ್ಲಿಯೇ, ಅದೂ ಆಕಸ್ಮಿಕವಾಗಿ: ಪಂದ್ಯವೊಂದರಲ್ಲಿ ಪೆಟ್ಟು ತಿಂದು, ಓಡಲಾಗದೆ, ಗೋಲಿನಲ್ಲಿದ್ದವನೊಂದಿಗೆ ಜಾಗ ಬದಲಿಸಿಕೊಂಡ. 'ಬರ್ನ್‌ಹಾರ್ಡ್' ಎನ್ನಲು ನಾಲಿಗೆ ತಿರುಗದ ಇಂಗ್ಲಿಷರು ಆತನನ್ನು 'ಬರ್ಟ್' ಮಾಡಿದರು. ಹೊರನಾಡಿಗೆ ಬಂದು ಹೆಸರಿನ ಅರ್ಧವನ್ನು ಕಳೆದುಕೊಂಡ ನಮ್ಮಲ್ಲಿ ಅನೇಕರಿಗೆ ಇದು ಅಪರಿಚಿತವಲ್ಲ!

1948ರಲ್ಲಿ ಶಿಬಿರ ಮುಚ್ಚಿದಾಗ ಊರಿಗೆ ಮರಳುವ ಅವಕಾಶವಿದ್ದರೂ ಟ್ರೌಟ್‌ಮನ್ ಇಲ್ಲೇ ಉಳಿದ. ಹೊಲದಲ್ಲಿ ದುಡಿದ; ಲಿವರ್‌ಪೂಲಿನ ಬಳಿ, ಸಿಡಿಯದೆ ಉಳಿದಿದ್ದ ಬಾಂಬುಗಳನ್ನು ನಿಷ್ಕ್ರಿಯಗೊಳಿಸುವ ತಂಡದಲ್ಲಿ ಕೆಲಸ ಮಾಡಿದ. ಬಿಡುವಿನಲ್ಲಿ ಸೇಂಟ್ ಹೆಲೆನ್ಸ್ ಟೌನ್ ಎಂಬ ಸಣ್ಣ ತಂಡಕ್ಕೆ ಆಡುತ್ತಿದ್ದಾಗ ಸಿಟಿಯವರ ಕಣ್ಣಿಗೆ ಬಿದ್ದ. ಅವರ ಖ್ಯಾತ ಗೋಲ್‌ಕೀಪರ್ ಫ್ರ್ಯಾಂಕ್ ಸ್ವಿಫ್ಟ್ ಆಗತಾನೆ ನಿವೃತ್ತರಾಗಿದ್ದರು.

ಆ ಚಳಿಗಾಲದಲ್ಲಿ ನಡೆದದ್ದೇ ಈ ಕಥೆಯ ತಿರುಳು ಎಂದು ನನ್ನ ಅಭಿಪ್ರಾಯ. ಮೊದಲನೆಯದಾಗಿ, ತಂಡದ ನಾಯಕ ಎರಿಕ್ ವೆಸ್ಟ್‌ವುಡ್ ನಾರ್ಮಂಡಿಯಲ್ಲಿ ಜರ್ಮನ್ನರ ವಿರುದ್ಧ ಹೋರಾಡಿ ಬಂದವರು. ಈ ಕೋಣೆಯಲ್ಲಿ ಯುದ್ಧವಿಲ್ಲ ಎಂದು ಹೇಳಿ ಟ್ರೌಟ್‌ಮನ್ನನನ್ನು ಬರಮಾಡಿಕೊಂಡವರು ಅವರೇ. ಎರಡನೆಯದು ಇದಕ್ಕಿಂತ ದೊಡ್ಡದು. ಮ್ಯಾಂಚೆಸ್ಟರಿನ ಯಹೂದಿ ಸಮುದಾಯದ ಧರ್ಮಗುರು ಡಾ. ಅಲೆಕ್ಸಾಂಡರ್ ಆಲ್ಟ್‌ಮನ್ 1938ರಲ್ಲಿ ಬರ್ಲಿನ್ನಿನಿಂದ ತಪ್ಪಿಸಿಕೊಂಡು ಬಂದವರು. ಅವರ ತಂದೆತಾಯಿ ನಾಜಿಗಳ ಕೈಯಲ್ಲಿ ಹತರಾಗಿದ್ದರು. ಅವರು ಸ್ಥಳೀಯ ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ಜರ್ಮನ್ನರ ಕ್ರೌರ್ಯ ಎಷ್ಟೇ ಘೋರವಾಗಿದ್ದರೂ ಆ ಅಪರಾಧಗಳಲ್ಲಿ ಪಾಲಿಲ್ಲದ ಒಬ್ಬ ವ್ಯಕ್ತಿಯನ್ನು ಅದಕ್ಕಾಗಿ ಶಿಕ್ಷಿಸುವುದು ತಕ್ಕುದಲ್ಲ ಎಂಬುದು ಅದರ ಸಾರ. ದ್ವೇಷಿಸಲು ಎಲ್ಲರಿಗಿಂತ ಹೆಚ್ಚು ಹಕ್ಕಿದ್ದ ಮನುಷ್ಯ ಹಾಗೆ ಬರೆದ ಮೇಲೆ ಉಳಿದವರ ದನಿ ಮೆಲ್ಲಗೆ ತಗ್ಗಿತು.

ಆದರೆ ಪತ್ರವೊಂದರಿಂದ ಎಲ್ಲ ಮುಗಿಯಲಿಲ್ಲ. 1950ರ ಜನವರಿಯಲ್ಲಿ ಸಿಟಿ ತಂಡವು ಲಂಡನ್ನಿನಲ್ಲಿ ಫುಲ್‌ಹ್ಯಾಮ್ ವಿರುದ್ಧ ಆಡಿತು. ಜರ್ಮನ್ ಬಾಂಬುಗಳಿಗೆ ಸಿಲುಕಿ ನಲುಗಿದ್ದ ಊರು ಅದು. ಪ್ರೇಕ್ಷಕರು 'ನಾಜಿ' ಎಂದು ಕೂಗಿದರು. ತಂಡ ಹೀನಾಯವಾಗಿ ಸೋಲುವುದೆಂದೇ ಎಲ್ಲರ ನಿರೀಕ್ಷೆಯಾಗಿತ್ತು. ಟ್ರೌಟ್‌ಮನ್ ಒಂದರ ಮೇಲೊಂದು ಚೆಂಡನ್ನು ತಡೆದು ಸೋಲನ್ನು ಒಂದೇ ಗೋಲಿಗೆ ನಿಲ್ಲಿಸಿದ. ಆತ ಮೈದಾನದಿಂದ ಹೊರಬರುವಾಗ ಎರಡೂ ತಂಡಗಳ ಆಟಗಾರರು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಕೂಗಿದ್ದ ಜನರೂ ಎದ್ದು ನಿಂತರು. ಆ ವರ್ಷ ಸಿಟಿ ಎರಡನೆಯ ದರ್ಜೆಗೆ ಜಾರಿತು, ಮರುವರ್ಷ ಮೇಲೆ ಬಂತು.

ಮುಂದಿನ ವರ್ಷಗಳು ಏಳಿಗೆಯವು. ಅಂದಿನ ಗೋಲ್‌ಕೀಪರ್‌ಗಳು ಸಿಕ್ಕ ಚೆಂಡನ್ನು ಬಲವಾಗಿ ಒದ್ದು ಆಕಾಶಕ್ಕೆ ಬಿಡುತ್ತಿದ್ದರು. ಬಾಲ್ಯದಲ್ಲಿ ಹ್ಯಾಂಡ್‌ಬಾಲ್ ಆಡಿದ್ದ ಟ್ರೌಟ್‌ಮನ್ ಅದನ್ನು ದೂರಕ್ಕೆ ಗುರಿಯಿಟ್ಟು ಎಸೆದು ಅಲ್ಲಿಂದಲೇ ಆಕ್ರಮಣ ಆರಂಭಿಸುತ್ತಿದ್ದ. ಡಾನ್ ರೆವಿಯನ್ನು ಕೇಂದ್ರವಾಗಿಟ್ಟುಕೊಂಡು ಸಿಟಿ ರೂಪಿಸಿದ ಹೊಸ ತಂತ್ರಕ್ಕೆ ಇದು ಚೆನ್ನಾಗಿ ಒದಗಿತು. 1955ರ ಎಫ್.ಎ. ಕಪ್ ಫೈನಲ್‌ನಲ್ಲಿ ನ್ಯೂಕಾಸಲ್ ಎದುರು 3-1ರಿಂದ ಸೋಲಾಯಿತು. ಆತನಿಗೆ ಕೊನೆಗೂ ದಕ್ಕದೆ ಹೋದದ್ದು ಸ್ವದೇಶದ ತಂಡ. ಜರ್ಮನಿಯ ತರಬೇತುದಾರ ಸೆಪ್ ಹೆರ್ಬರ್ಗರ್ ಹೊರದೇಶದಲ್ಲಿ ಆಡುವವರನ್ನು ಪರಿಗಣಿಸುತ್ತಿರಲಿಲ್ಲ. 1954ರಲ್ಲಿ ಪಶ್ಚಿಮ ಜರ್ಮನಿ ವಿಶ್ವಕಪ್ ಗೆದ್ದಾಗ ಟ್ರೌಟ್‌ಮನ್ ಆ ತಂಡದಲ್ಲಿರಲಿಲ್ಲ.

1956ರಲ್ಲಿ ಮತ್ತೆ ಫೈನಲ್, ಎದುರಾಳಿ ಬರ್ಮಿಂಗ್‌ಹ್ಯಾಮ್ ಸಿಟಿ. ಪಂದ್ಯ ಮುಗಿಯಲು ಸುಮಾರು ಕಾಲು ಗಂಟೆ ಇದ್ದಾಗ ಚೆಂಡಿಗಾಗಿ ನೆಲಕ್ಕೆ ಹಾರಿದ ಟ್ರೌಟ್‌ಮನ್ನನ ಕತ್ತಿಗೆ ಪೀಟರ್ ಮರ್ಫಿಯ ಮೊಣಕಾಲು ಬಡಿಯಿತು. ಆಗಿನ ನಿಯಮದಲ್ಲಿ ಬದಲಿ ಆಟಗಾರರಿಗೆ ಅವಕಾಶವಿರಲಿಲ್ಲ. ಕಣ್ಣು ಮಂಜಾಗಿದ್ದರೂ ಆತ ಕೊನೆಯವರೆಗೆ ನಿಂತ, ಮತ್ತೆ ಮತ್ತೆ ಗೋಲು ತಡೆದ. ಸಿಟಿ 3-1ರಿಂದ ಗೆದ್ದಿತು. ಕೆಲವು ದಿನಗಳ ಮೇಲೆ ಎಕ್ಸ್-ರೇ ತೆಗೆದಾಗ ತಿಳಿದದ್ದು: ಕತ್ತಿನ ಐದು ಕಶೇರುಗಳು ಜಾರಿದ್ದವು, ಎರಡನೆಯದು ಎರಡಾಗಿ ಸೀಳಿತ್ತು. ಮೂರನೆಯದು ಅದಕ್ಕೆ ಒತ್ತಿಕೊಂಡಿದ್ದುದರಿಂದಲೇ ಪ್ರಾಣ ಉಳಿದಿತ್ತು. ಆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಈ ಸಾಹಸಕ್ಕೆ ದೊರೆಯಿತೆಂದು ಅನೇಕರು ತಿಳಿದಿದ್ದಾರೆ. ಪತ್ರಕರ್ತರು ಅದನ್ನು ಪ್ರಕಟಿಸಿದ್ದು ಫೈನಲ್‌ಗೆ ಮುಂಚೆಯೇ. ವರ್ಷವಿಡೀ ಆಡಿದ ಆಟಕ್ಕೆ ಸಂದ ಮನ್ನಣೆ ಅದು. ಮೊದಲ ಬಾರಿಗೆ ಒಬ್ಬ ಗೋಲ್‌ಕೀಪರ್‌ಗೆ ದೊರೆತದ್ದು.

ಕತ್ತು ಇನ್ನೂ ವಾಸಿಯಾಗುತ್ತಿದ್ದ ದಿನಗಳಲ್ಲೇ, ಐದು ವರ್ಷದ ಮಗ ಜಾನ್ ಕಾರಿನಡಿ ಸಿಕ್ಕಿ ತೀರಿಕೊಂಡ. ಹೆಂಡತಿ ಮಾರ್ಗರೆಟ್ ಆ ದುಃಖದಿಂದ ಚೇತರಿಸಿಕೊಳ್ಳಲಿಲ್ಲ. ದಾಂಪತ್ಯವೂ ಕಾಲಕ್ರಮೇಣ ಮುರಿಯಿತು. ಕಪ್ ಗೆದ್ದ ವರ್ಷವನ್ನು ಆ ಮನೆಯವರು ಹೇಗೆ ನೆನೆದಿರಬೇಕು!

ಡಿಸೆಂಬರ್‌ನಲ್ಲಿ ಟ್ರೌಟ್‌ಮನ್ ಮತ್ತೆ ಆಡಲು ಇಳಿದ. ಹಳೆಯ ಲಯ ಕೂಡಲೇ ಮರಳಲಿಲ್ಲ. 1957-58ರ ಲೀಗ್‌ನಲ್ಲಿ ಸಿಟಿ 104 ಗೋಲು ಹೊಡೆದು 100 ಗೋಲು ಬಿಟ್ಟುಕೊಟ್ಟಿತು. ಆ ಫೆಬ್ರವರಿಯಲ್ಲೇ, ಆತ ಯಾರ ಜಾಗ ತುಂಬಿದ್ದನೋ ಆ ಫ್ರ್ಯಾಂಕ್ ಸ್ವಿಫ್ಟ್ ಮ್ಯೂನಿಕ್ ವಿಮಾನ ದುರಂತದಲ್ಲಿ ಮಡಿದರು. ಟ್ರೌಟ್‌ಮನ್ ಮಾತ್ರ ಮೆಲ್ಲಮೆಲ್ಲನೆ ಆಟವನ್ನು ಮರಳಿ ಪಡೆದ. 1964ರವರೆಗೆ ಸಿಟಿಗಾಗಿ 545 ಪಂದ್ಯಗಳನ್ನಾಡಿದ. ಬೀಳ್ಕೊಡುಗೆ ಪಂದ್ಯಕ್ಕೆ ಅಧಿಕೃತ ಲೆಕ್ಕದಂತೆಯೇ ಸುಮಾರು 47,000 ಮಂದಿ ಸೇರಿದ್ದರು. ಒಂದು ಕಾಲಕ್ಕೆ ಆತ ಬೇಡವೆಂದು ಕೂಗಿದವರೂ ಅವರಲ್ಲಿ ಇದ್ದಿರಲೇಬೇಕು.

ಆಮೇಲಿನ ಹಾದಿ ಏರುಪೇರಿನದು. ವೆಲಿಂಗ್ಟನ್ ಟೌನ್ ಎಂಬ ಸಣ್ಣ ತಂಡಕ್ಕೆ ಆಡಲು ಹೋಗಿ ಆರಂಭದ ಪಂದ್ಯವೊಂದರಲ್ಲೇ ಒರಟಾಟಕ್ಕಾಗಿ ಹೊರದಬ್ಬಿಸಿಕೊಂಡ. ಸ್ಟಾಕ್‌ಪೋರ್ಟಿನಲ್ಲಿ ವ್ಯವಸ್ಥಾಪಕನಾಗಿ ಜಗಳವಾಡಿ ಹೊರಬಂದ. 1972ರಿಂದ ಜರ್ಮನಿಯ ಪರವಾಗಿ ಬರ್ಮಾ, ಟಾಂಜಾನಿಯಾ, ಲೈಬೀರಿಯಾ, ಪಾಕಿಸ್ತಾನ, ಯೆಮನ್‌ಗಳಲ್ಲಿ ಫುಟ್‌ಬಾಲ್ ಕಲಿಸಿದ. ಕೊನೆಗೆ ಸ್ಪೇನಿನ ವೇಲೆನ್ಸಿಯಾ ಬಳಿ ನೆಲೆಸಿದ. 2013ರಲ್ಲಿ ಅಲ್ಲಿಯೇ ತೀರಿಕೊಂಡ.

ಎರಡು ದೇಶಗಳ ನಡುವೆ ಸೌಹಾರ್ದ ಬೆಳೆಸಿದ್ದಕ್ಕಾಗಿ 2004ರಲ್ಲಿ ಬ್ರಿಟನ್ ಆತನಿಗೆ ಓ.ಬಿ.ಇ. ಗೌರವವನ್ನಿತ್ತಿತು. ಆ ವರ್ಷ ಬರ್ಲಿನ್ನಿನಲ್ಲಿ ರಾಣಿ ಎಲಿಜಬೆತ್ ಟ್ರೌಟ್‌ಮನ್ನನನ್ನು ಕಂಡಾಗ, ಕತ್ತಿನ ನೋವು ಇನ್ನೂ ಇದೆಯೇ ಎಂದು ವಿಚಾರಿಸಿದರಂತೆ.